ಗಂಟಲಿಲ್ಲದ ಪ್ಲೇಟುಗಳು

“ಹೊಸದು ತರದಾದ್ರೆ ತನ್ನಿ ಅಳಿಯಂದ್ರೆ, ಬ್ಯಾಡ ಅನ್ನಕಿಲ್ಲ. ಹಳೇದ್ರ ಹೊಟ್ಟೆಗೆ ಮಾತ್ರ ಕೈ ಹಾಕ್ಬ್ಯಾಡಿ. ಅದ್ರೊಳಗೆ ತಗಡು ಅದೆ.”

ಅತ್ತೆ ಪುಟ್ಟಬಸಮ್ಮ ಹೀಗೆಂದಾಗ ಮಲ್ಲೇಶ ನಕ್ಕುಬಿಟ್ಟ. ನಗದೆ ಇನ್ನೇನು ಮಾಡಿಯಾನು? ಮೈಸೂರಿನಲ್ಲಿ ಹುಟ್ಟಿ ಬೆಳೆದ ಟಿ.ವಿ. ಮೆಕ್ಯಾನಿಕ್ಕು. ಮಾವ ನೀಲಕಂಠಸ್ವಾಮಿ ತೀರಿಕೊಂಡ ಮೇಲೆ ಹೆಂಡತಿ ಸುಧಾಮಣಿಯೊಂದಿಗೆ ಉಡಿಗಾಲದ ಈ ಮನೆಗೆ ಬಂದು, ಚಾಮರಾಜನಗರದಲ್ಲಿ ಅಂಗಡಿ ಇಟ್ಟು ಆರು ತಿಂಗಳಾಗಿತ್ತು. ರೆಕಾರ್ಡ್ ಪ್ಲೇಯರಿನೊಳಗೆ ತಗಡಲ್ಲದೆ ತೊಗರಿಬೇಳೆ ಇರುತ್ತದೆಯೇ?

“ಎಲ್ಲಾ ಮಿಷಿನ್ನಲ್ಲೂ ತಗಡು ಇರ್ತದೆ ಅತ್ತೆ.”

“ಇದು ಅಂಗಡಿ ತಗಡಲ್ಲ. ಮಂತ್ರಿಸಿದ್ದು.”

ಆಮೇಲೆ ಅವಳು ದನಿ ತಗ್ಗಿಸಿ ಹೇಳಿದ್ದು ಇಷ್ಟು. ಸುಧಾಮಣಿಗೆ ಏಳು ವರ್ಷವಿದ್ದಾಗ, ಜಮೀನಿನ ವ್ಯಾಜ್ಯದಲ್ಲಿ ನೀಲಕಂಠಸ್ವಾಮಿಯ ಬಾಯಿ ಕೋರ್ಟಿನಲ್ಲಿ ಏಳದಿರಲೆಂದು ದಾಯಾದಿಗಳು ಬಾಯಿಕಟ್ಟು ಮಾಡಿಸಿದರು. ಹೊಸ್ತಿಲ ಬುಡದಲ್ಲಿ ಹೂತಿದ್ದ ಮಾಟವನ್ನು ಮೊದಲು ದಾಟಿದ್ದು ಮಗು. ಹನ್ನೊಂದು ತಿಂಗಳು ಅದು ಅಮ್ಮಾ ಎನ್ನಲಿಲ್ಲ. ಕೊನೆಗೆ ವಯನಾಡಿನ ಕಡೆಯ ಮಂತ್ರವಾದಿಯೊಬ್ಬ ಬಂದು, ಮಾಟವನ್ನು ತಾಮ್ರದ ತಗಡಿಗೆ ಇಳಿಸಿ, ಪ್ಲೇಯರಿನ ತಿರುಗುವ ತಟ್ಟೆಯ ಕೆಳಗೆ ಬಿಗಿದ. ಇದಕ್ಕೆ ದನಿ ಬೇಕು, ಅಮಾಸೆಗೊಂದು ಹಾಡಿನ ಪ್ಲೇಟು ಹಾಕಿ, ಹಾಡಿದವರ ದನಿ ತಿಂದುಕೊಂಡು ತೆಪ್ಪಗೆ ಬಿದ್ದಿರುತ್ತದೆ ಎಂದ. ಅಂದೇ ಸಂಜೆ ಮಗು ಮಾತಾಡಿತು.

“ಅವತ್ತು ಬಾಯಿ ಬುಟ್ಟೋಳು ಇವತ್ತಿಗೂ ಮುಚ್ಚಿಲ್ಲ ಕನ್ರೀ,” ಎಂದು ಸುಧಾಮಣಿಯೇ ನಕ್ಕಳು.

ಅದು ನಿಜ. ಅಂಗನವಾಡಿ ಟೀಚರು. ಮಕ್ಕಳಿಗೆ ಹಾಡು ಹೇಳಿಕೊಟ್ಟು ಸಾಲದೆ ಮನೆಗೆ ಬಂದು ಬೆಕ್ಕಿನೊಡನೆ, ಪಾತ್ರೆಯೊಡನೆ, ಉರಿಯದ ಸ್ಟವ್ವಿನೊಡನೆ ಮಾತಾಡುವವಳು. ಮಲ್ಲೇಶ ಮೆಚ್ಚಿ ಮದುವೆಯಾದದ್ದೇ ಆ ಮಾತಿಗೆ. ಅವಳಿಲ್ಲದ ದಿನ ಮನೆ ಅವನಿಗೆ ಮನೆಯಂತೆ ಕಾಣುತ್ತಿರಲಿಲ್ಲ.

ಒಂದು ಪ್ಲೇಟು ಹಾಕಿ ನೋಡಿದ. ಹಾರ್ಮೋನಿಯಂ ಬಂತು, ತಬಲ ಬಂತು. ಹಾಡುಗಾರ ಎತ್ತಿಕೊಳ್ಳಬೇಕಾದ ಕಡೆ ಖಾಲಿ. ವಾದ್ಯಗಳು ಯಾರಿಗೋ ಕಾದು, ಯಾರಿಗೋ ಉತ್ತರ ಕೊಟ್ಟು ಮುಂದೆ ಹೋಗುತ್ತಿದ್ದವು. ಪೆಟ್ಟಿಗೆಯ ಸಂದಿಯಿಂದ ಕೂದಲು ಸುಟ್ಟ ಕಮಟು ಬಂತು. ಮುಳ್ಳು ಸವೆದಿದೆ, ಕಾಯಿಲ್ ಬಿಸಿಯಾಗಿದೆ ಎಂದುಕೊಂಡ.

ಹಾಗಿದ್ದೂ ಒಂದು ವಾರ ಮನಸ್ಸು ಹೊಯ್ದಾಡಿತು. ಹಳೆಯದರ ರಬ್ಬರು ಚಕ್ರ ಕಲ್ಲಾಗಿತ್ತು, ಮುಳ್ಳು ಮೈಸೂರಿನಲ್ಲೂ ಸಿಗುವುದಿಲ್ಲ. ಆದರೆ ಇಬ್ಬರು ಹಿಡಿದರೂ ಭಾರವೆನಿಸುವ ತೇಗದ ಪೆಟ್ಟಿಗೆ, ಮಾವ ಸಾಯುವ ಹಿಂದಿನ ದಿನವೂ ಪಂಚೆಯ ಸೆರಗಿನಲ್ಲಿ ಒರೆಸಿಟ್ಟದ್ದು. ಗುಂಡ್ಲುಪೇಟೆಯಲ್ಲಿ ಗಲ್ಫಿನಿಂದ ಮರಳಿದ ಮಲಯಾಳಿಯ ಹತ್ತಿರ ಹೊಸದೊಂದಿತ್ತು. ತೆಳ್ಳಗೆ, ಬೆಳ್ಳಗೆ, ಕಂಪ್ಯೂಟರಿಗೂ ಸಿಕ್ಕಿಸಬಹುದಾದದ್ದು.

“ತನ್ನಿ,” ಎಂದಳು ಸುಧಾಮಣಿ. “ಹಳೇದು ಅಟ್ಟದ ಮ್ಯಾಲಿರ್ಲಿ. ಅಮಾಸೆಗೆ ಇಳ್ಸಿ ಒಂದು ಪ್ಲೇಟು ಹಾಕನ, ಅವ್ವನ ಸಮಾಧಾನಕ್ಕೆ. ಬಿಚ್ಚಕಿಲ್ಲ ಅಂತ ಮಾತು ಕೊಡಿ.”

ಕೊಟ್ಟ.

ಹೊಸದು ಬಂತು, ಹಳೆಯದು ಅಟ್ಟಕ್ಕೇರಿತು. ಹೊಸದು ವಾದ್ಯಗಳ ಹಿಂದೆ ಗುಂಯ್ ಎನ್ನತೊಡಗಿತು. ಆ ಸದ್ದು ನಿಲ್ಲಿಸಲು ಅರ್ತಿಂಗಿಗೆ ಒಳ್ಳೆ ತಾಮ್ರದ ತುಂಡು ಬೇಕು. ಹಳೇ ಸೆಟ್ಟಿನಲ್ಲಿ ಬಿದ್ದಿರುವುದನ್ನು ಅಂಗಡಿಯಿಂದ ಕೊಂಡು ತರುವ ಮೆಕ್ಯಾನಿಕ್ಕು ಇನ್ನೂ ಹುಟ್ಟಿಲ್ಲವಲ್ಲ! ಅತ್ತೆ, ಹೆಂಡತಿ ಮದುವೆಗೆಂದು ಹಂಗಳಕ್ಕೆ ಹೋಗಿದ್ದ ದಿನ ಆಟೋದವನ ನೆರವಿನಿಂದ ಹಳೆಯದನ್ನು ಇಳಿಸಿ, ಎರಡನ್ನೂ ಅಂಗಡಿಗೆ ಒಯ್ದು ಹಳೆಯದರ ತಳ ಬಿಚ್ಚಿದ. ಅಂಗೈಯಗಲದ ತಗಡು. ಮೇಲೆ ಇರುವೆ ಸಾಲಿನಂಥ ಗೀರು. ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿದ, ಹೊಸದರೊಳಗೆ ಬೆಸುಗೆ ಹಾಕಿದ. ಗುಂಯ್ ನಿಂತಿತು. ಪೆಟ್ಟಿಗೆಯ ಭಾರವೆಲ್ಲ ಇದ್ದದ್ದು ಮೋಟಾರು, ಕಬ್ಬಿಣದ ತಟ್ಟೆಯಲ್ಲಿ; ಅವನ್ನೂ ಬಿಚ್ಚಿ ಯಾರದೋ ಸೆಟ್ಟಿಗೆ ಕೂರಿಸಿದ. ಬರಿಯ ಪೆಟ್ಟಿಗೆಯನ್ನು ತಂದು ಅಟ್ಟಕ್ಕೇರಿಸಿ ಬಟ್ಟೆ ಮುಚ್ಚಿದ. ಕೈಯ ಕಮಟು ಸೋಪಿಗೂ ಹೋಗಲಿಲ್ಲ. ಆ ರಾತ್ರಿ ಸುಧಾಮಣಿ ತಟ್ಟೆಗೆ ಮುದ್ದೆ ಹಾಕುವಾಗ ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

ಅಮಾವಾಸ್ಯೆ ಬಂತು. ಮಟಮಟ ಮಧ್ಯಾಹ್ನ. ಅತ್ತೆ ಪಕ್ಕದ ಬೀದಿಗೆ ಹೋಗಿದ್ದಳು. ಸುಧಾಮಣಿ ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹಾಕುತ್ತ ಕೂಗಿದಳು.

“ಹಳೇದು ಅಟ್ಟದ ಮ್ಯಾಲೆ ಹಂಗೇ ಅದೆ ಅಲ್ವೇನ್ರೀ?”

“ಅದೆ. ಹಂಗೇ ಅದೆ.”

“ಇಳ್ಸಿ ಮತ್ತೆ.”

“ಆಮೇಲೆ ಇಳಿಸ್ತೀನಿ,” ಎಂದವನೇ, ಅವಳು ಇನ್ನೊಮ್ಮೆ ಕೇಳದಿರಲೆಂದು ಹೊಸದರ ಮೇಲೆ ಅದೇ ದನಿಯಿಲ್ಲದ ಪ್ಲೇಟು ಹಾಕಿ ಮುಳ್ಳಿಟ್ಟ.

“ಅಲ್ಲ ಕನ್ರೀ, ಅವ್ವ ಬರೋದ್ರೊಳ—”

ಮಾತು ನಿಂತಿತು. ಸಾಸಿವೆ ಸಿಡಿಯುತ್ತಲೇ ಇತ್ತು. ಒಗ್ಗರಣೆ ಸೀಯಿತು. ಹೊಗೆಯ ನಡುವೆ ಕೂದಲು ಸುಟ್ಟ ಕಮಟು. ಮಲ್ಲೇಶ ಓಡಿದ. ಅವಳು ನಿಂತೇ ಇದ್ದಳು. ಬಾಯಿ ತೆರೆದಿತ್ತು. ನಾಲಗೆ ಆಡುತ್ತಿತ್ತು. ಕುತ್ತಿಗೆಯ ನರ ಉಬ್ಬಿತ್ತು. ಉಸಿರು ಕೂಡ ಸದ್ದು ಮಾಡಲಿಲ್ಲ.

ಮೈಸೂರಿನ ಡಾಕ್ಟರು ಗಂಟಲಲ್ಲಿ ಏನೂ ತೊಂದರೆಯಿಲ್ಲ ಎಂದರು. ಪುಟ್ಟಬಸಮ್ಮ ಗೋಡೆಗೊರಗಿ ಕೂತು ಒಂದೇ ಮಾತು ಹೇಳಿದಳು.

“ಹಳೇದ ಇಳ್ಸಿ ಒಂದು ಪ್ಲೇಟು ಹಾಕಿ ಅಳಿಯಂದ್ರೆ. ತಗಡು ನೆಟ್ಟಗಿದ್ರೆ ಮಾತು ಬತ್ತದೆ.”

ಆಗಲಾದರೂ ಹೇಳಬಾರದೇ ಪುಣ್ಯಾತ್ಮ? ಹೇಳಲಿಲ್ಲ. ಮೋಟಾರು ಸುಟ್ಟಿದೆ, ಮೈಸೂರಿನಿಂದ ಬರಬೇಕು ಎಂದ. ನಾಳೆ ಎಂದ, ಸೋಮವಾರ ಎಂದ. ಹೊಸದನ್ನು ಕದ್ದು ಅಂಗಡಿಗೆ ಒಯ್ದು ನಾಲ್ಕು ತುಂಡನ್ನೂ ಕಿತ್ತು ಜೋಡಿಸಲು ನೋಡಿದ. ಬೆಸುಗೆಯ ಸೀಸ ಗೀರುಗಳನ್ನೆಲ್ಲ ನುಂಗಿತ್ತು. ಮತ್ತೆ ಅಲ್ಲೇ ಅಂಟಿಸಿ, ಪ್ಲೇಟು ಸಮೇತ ಮೊದಲಿದ್ದಂತೆಯೇ ತಂದಿಟ್ಟ. ಸುಧಾಮಣಿ ಮಾತ್ರ ಗಂಡನನ್ನು ನಂಬಿದಳು. ಅಂಗನವಾಡಿಯ ಮಕ್ಕಳು ಮನೆಬಾಗಿಲಿಗೆ ಬಂದು “ಟೀಚರ್, ಹಾಡು” ಎಂದಾಗ, ಬರಿ ತುಟಿ ಆಡಿಸಿ ಚಪ್ಪಾಳೆ ತಟ್ಟುವಳು. ಅದನ್ನು ನೋಡುವಾಗಲೆಲ್ಲ ಮಲ್ಲೇಶನಿಗೆ ತನ್ನ ಕೈ ಕತ್ತರಿಸಿ ಹಾಕಬೇಕೆನಿಸುತ್ತಿತ್ತು.

ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ಕರೆಂಟು ಹೋಗಿ ನಡುಮನೆ ಮಬ್ಬಾಗಿತ್ತು. ಅತ್ತೆಯನ್ನೂ ಹೆಂಡತಿಯನ್ನೂ ಕೂರಿಸಿದ. ಎಲ್ಲ ಹೇಳಿಬಿಡುತ್ತೇನೆ, ಆಮೇಲೆ ಹೊಡೆದರೆ ಹೊಡೆಯಲಿ, ಬಿಟ್ಟರೆ ಬಿಡಲಿ ಎಂದು ಗಟ್ಟಿ ಮಾಡಿಕೊಂಡ. ಬಾಯಿ ತೆರೆದ.

ಕರೆಂಟು ಬಂತು.

ಹೊಸ ಪ್ಲೇಯರಿನ ಮೇಲೆ ಅಂದಿನ ಪ್ಲೇಟು ಹಾಗೇ ಇತ್ತು. ತಟ್ಟೆ ತಾನಾಗಿಯೇ ತಿರುಗಿತು. ಹಾರ್ಮೋನಿಯಂ. ತಬಲ. ಖಾಲಿ ಜಾಗ ಬಂತು. ಖಾಲಿ ಇರಲಿಲ್ಲ.

“ಹಳೇದು ಅಟ್ಟದ ಮ್ಯಾಲೆ ಹಂಗೇ ಅದೆ ಅಲ್ವೇನ್ರೀ?”

ಸುಧಾಮಣಿಯ ದನಿ. ಅವಳೇ ಬೆಚ್ಚಿ ಗಂಟಲು ಹಿಡಿದುಕೊಂಡಳು. ತಬಲ ಉತ್ತರಕ್ಕೆ ಕಾಯಿತು. ಮಲ್ಲೇಶ ಮುಂದಕ್ಕೆ ಬಾಗಿದ. ಇಲ್ಲ ಸುಧಾ ಎನ್ನಹೊರಟ. ತುಟಿ ಆಡಿತು. ನಾಲಗೆ ಆಡಿತು. ಸದ್ದು ಬರಲಿಲ್ಲ. ಇನ್ನೊಮ್ಮೆ. ಬರಲಿಲ್ಲ. ಎದೆ ಗುದ್ದಿಕೊಂಡ. ಉತ್ತರ ಬಂದದ್ದು ಪ್ಲೇಟಿನಿಂದ, ಅವನದೇ ದನಿಯಲ್ಲಿ.

“ಅದೆ. ಹಂಗೇ ಅದೆ.”

ಮುಳ್ಳು ಅಲ್ಲೇ ಸಿಕ್ಕಿಕೊಂಡಿತು. ಹಂಗೇ ಅದೆ. ಹಂಗೇ ಅದೆ. ಹಂಗೇ ಅದೆ.

ಸುಧಾಮಣಿ ಗಂಡನ ಮುಖವನ್ನೇ ನೋಡಿದಳು. ಅವನು ಕೈ ಮುಗಿದ, ತಲೆಯಾಡಿಸಿದ, ಕಾಲು ಹಿಡಿಯಹೋದ. ಅವಳು ಪಕ್ಕಕ್ಕೆ ಸರಿದು, ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು.

ಅಪ್ಪ ಇದ್ದಾಗ ಇಬ್ಬರು ಹಿಡಿದು ಎತ್ತುತ್ತಿದ್ದ ಪೆಟ್ಟಿಗೆಯನ್ನು ಅವಳು ಒಂದೇ ಕೈಯಲ್ಲಿ ಹಿಡಿದು ಇಳಿದು ಬಂದಳು.