ಹೊರಕ್ಕೆ ತೆರೆಯುವ ಬಾಗಿಲು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಅತ್ತೆ ಸೊಸೆ ಇಬ್ಬರೂ ಗಾಜಿನ ಚೌಕಟ್ಟೊಂದನ್ನು ಎದೆಗವಚಿಕೊಂಡು ಠಾಣೆಯ ಮೆಟ್ಟಿಲು ಹತ್ತಿದರು. ಒಳಗಿದ್ದದ್ದು ಅವರ ಬೇಕರಿಯ ಪರವಾನಗಿ. ಅದು ನಕಲಿ ಎಂದು ನಗರಸಭೆಯವರು ಹಿಂದಿನ ದಿನ ಅಂಗಡಿಗೆ ಬೀಗಮುದ್ರೆ ಹಾಕಿ ಹೋಗಿದ್ದರು.

"ಈ ನಂಬರ್ ಅವರ ಕಂಪ್ಯೂಟರಲ್ಲೇ ಇಲ್ವಂತೆ ಮೇಡಂ. ಇನ್‌ಸ್ಪೆಕ್ಷನ್‌ಗೆ ಬಂದಿದ್ದವನೇ ತಂದುಕೊಟ್ಟಿದ್ದು," ಎಂದಳು ಸೊಸೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದರು ಅತ್ತೆ. "ಮೋಸ ಮಾಡಿದವನು ಎಲ್ಲೋ ಆರಾಮಾಗಿದ್ದಾನೆ, ಬೀಗ ನಮ್ಮ ಬಾಗಿಲಿಗೆ."

ತಿಂಗಳ ಕೊನೆಯೊಳಗೆ ಅಸಲಿ ಪರವಾನಗಿ ತೋರಿಸದಿದ್ದರೆ ಮಳಿಗೆ ಖಾಲಿ ಮಾಡಬೇಕೆಂದು ಕಟ್ಟಡದ ಮಾಲೀಕ ಹೇಳಿಬಿಟ್ಟಿದ್ದ. ಮಗ ತೀರಿಹೋದ ಮೇಲೆ ಅತ್ತೆ ಸೊಸೆ ಮತ್ತೆ ಎದ್ದು ನಿಂತದ್ದೇ ಆ ಒಲೆಯ ಮುಂದೆ. ಇನ್‌ಸ್ಪೆಕ್ಟರ್ ಮೇಡಂ ಇಬ್ಬರಿಗೂ ಕುರ್ಚಿ ಹಾಕಿಸಿದರು. ಆದರೂ ಮುಖ ಬಿಗಿಯಾಗಿಯೇ ಇಟ್ಟುಕೊಂಡು ದೂರು ಬರೆಸಿಕೊಂಡರು. ವಂಚನೆ, ನಕಲಿ ದಾಖಲೆ ಸೃಷ್ಟಿ, ಸರ್ಕಾರಿ ನೌಕರನ ಸೋಗು: ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ಹತ್ತು ಐವತ್ತು ಎಂದು ವೇಳೆ ನಮೂದಿಸಿದ. ಸೀನಿದರೂ ಹೊತ್ತು ಬರೆದಿಡುವ ಆಸಾಮಿ. ಠಾಣೆಯಲ್ಲಿ ಅವನ ಹೆಸರೇ ಗಡಿಯಾರ.

ಮಧ್ಯಾಹ್ನ ನಗರಸಭೆಯವರ ಸಮಕ್ಷಮದಲ್ಲಿ ಬೀಗ ತೆಗೆಸಿ ಪಂಚನಾಮೆ ನಡೆಯಿತು. ಗ್ಯಾಸ್ ಸಿಲಿಂಡರುಗಳು ಹಿತ್ತಲಿನ ಕಬ್ಬಿಣದ ಜಾಲರಿಯೊಳಗಿದ್ದವು. ಒಲೆಯ ಪಕ್ಕದ ಬಕೆಟ್ಟಿನಲ್ಲಿ ಮರಳು ತುಂಬಿತ್ತು. ಇನ್‌ಸ್ಪೆಕ್ಟರ್ ಒಳಗಿನಿಂದ ಬಾಗಿಲು ಎಳೆದರು. ಅದು ಜಗ್ಗಲಿಲ್ಲ.

"ತಳ್ಳಿ ಮೇಡಂ," ಎಂದಳು ಸೊಸೆ. "ಅವನೇ ತಿರುಗಿಸಿ ಹಾಕಿಸಿದ್ದು. ಬಾಗಿಲು ಹೊರಕ್ಕೆ ತೆರೀದಿದ್ರೆ ಲೈಸೆನ್ಸ್ ಇಲ್ಲ ಅಂದ. ಬಡಗಿ ಕೆಲಸ ಮುಗಿಸೋವರೆಗೂ ಇಲ್ಲೇ ಕೂತಿದ್ದ."

"ಲಂಚ ಕೇಳಿದ್ನಾ?"

"ಇಲ್ಲ. ಫೀಸು ಅಷ್ಟೇ. ಟೀ ಕೊಟ್ರೂ ಮುಟ್ಟಲಿಲ್ಲ."

ಚಾಪೆ ಕೆಳಗೆ ತೂರುವವರನ್ನೂ ರಂಗೋಲಿ ಕೆಳಗೆ ತೂರುವವರನ್ನೂ ಇನ್‌ಸ್ಪೆಕ್ಟರ್ ಕಂಡಿದ್ದರು. ಟೀ ಕುಡಿಯದ ಮೋಸಗಾರನನ್ನು ಮಾತ್ರ ಕಂಡಿರಲಿಲ್ಲ.

"ಇವನನ್ನ ಯಾರು ತೋರಿಸಿದ್ರು ನಿಮಗೆ?"

"ಹಿಂದಿನ ಬೀದಿ ಟೈಲರ್ ಅಣ್ಣ."

ಟೈಲರ್ ಅಂಗಡಿಯ ಗೋಡೆಯಲ್ಲೂ ಅಂಥದ್ದೇ ಪರವಾನಗಿ, ಬಾಗಿಲೂ ಹೊರಕ್ಕೇ. ಸಂಗತಿ ತಿಳಿದು ಅವನು ಬೆವೆತುಹೋದ.

"ಆ ಮನುಷ್ಯ ಆಮೇಲೂ ಬರ್ತಾ ಇರ್ತಾನೆ ಮೇಡಂ. ರಸ್ತೆ ಆಚೆ ನಿಂತು ಬಾಗಿಲು ನೋಡ್ತಾನೆ. ಒಂದ್ಸಲ ಅಡ್ಡ ಸ್ಟೂಲ್ ಇಟ್ಟಿದ್ದೆ, ಒಳಗೆ ಬಂದು ಮುಖಕ್ಕೆ ಮಂಗಳಾರತಿ ಎತ್ತಿದ."

ಇನ್‌ಸ್ಪೆಕ್ಟರ್ ಬಾಗಿಲ ಕೀಲನ್ನೇ ನೋಡುತ್ತ ನಿಂತರು. ಆಮೇಲೆ ಬಡಗಿಯನ್ನು ಕರೆಸಿ, ಬಾಗಿಲನ್ನು ಒಳಕ್ಕೆ ತೆರೆಯುವಂತೆ ತಿರುಗಿಸಿ ಹಾಕಿಸಿದರು. ಗಡಿಯಾರನಿಗೆ ಮಫ್ತಿ ತೊಡಿಸಿ ಗುಂಡಿ ಹೊಲಿಯಲು ಕೂರಿಸಿದರು.

ಮೂರು ದಿನ ಕಾದರು. ಗಡಿಯಾರ ಹೊಲಿದ ಗುಂಡಿಗಳನ್ನೆಲ್ಲ ಟೈಲರ್ ರಾತ್ರಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಶುಕ್ರವಾರ ಮಧ್ಯಾಹ್ನ, ಮಾಸಿದ ಬಿಳಿ ಅಂಗಿಯ ಮನುಷ್ಯನೊಬ್ಬ ರಸ್ತೆ ದಾಟಿ ಓಡಿಬಂದ.

"ಯಾರ್ರೀ ಈ ಬಾಗಿಲು ತಿರುಗಿಸಿದ್ದು? ಬುದ್ಧಿ ಎಲ್ಲಿಟ್ಟಿದ್ದೀರಿ?"

"ನಾನು," ಎನ್ನುತ್ತ ಇನ್‌ಸ್ಪೆಕ್ಟರ್ ಅಳತೆ ಕೋಣೆಯ ಪರದೆ ಸರಿಸಿ ಹೊರಬಂದರು.

ಅವನು ಖಾಕಿ ನೋಡಿದ. ಓಡಲಿಲ್ಲ. "ಮೊದಲು ಇದನ್ನ ಸರಿ ಮಾಡಿಸಿ ಮೇಡಂ. ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೀನಿ."

ಬಡಗಿ ಬಂದು ಕೀಲು ಬದಲಿಸುವವರೆಗೂ ಇನ್‌ಸ್ಪೆಕ್ಟರ್ ಕಾದರು. ಬಂಧನದ ವೇಳೆ ಒಂದು ನಲವತ್ತು ಎಂದು ಗಡಿಯಾರ ಬರೆದುಕೊಂಡ.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ನಗರಸಭೆಯ ಪರವಾನಗಿ ವಿಭಾಗದಲ್ಲಿ ಗುತ್ತಿಗೆ ಸಹಾಯಕನಾಗಿದ್ದವನಿಗೆ ಈಗ ಕೆಲಸವಿರಲಿಲ್ಲ.

"ಫೀಸು ಯಾಕೆ ತಗೊಂಡೆ?"

"ತಗೊಳ್ಳದಿದ್ರೆ ಯಾರೂ ನಂಬ್ತಿರಲಿಲ್ಲ. ಮುಟ್ಟಿಲ್ಲ, ಮನೇಲಿ ಹಾಗೇ ಇದೆ."

"ನಂಬಿದವರು ಬೀದಿಗೆ ಬಿದ್ರಲ್ಲೋ! ಅತ್ತೆ ಸೊಸೆ ಊಟ ಬಿಟ್ಟು ಕೂತಿದ್ದಾರೆ."

ಅವನು ತಲೆ ತಗ್ಗಿಸಿದ. "ನಮ್ಮಕ್ಕಂದು ಬಟ್ಟೆ ಅಂಗಡಿ ಇತ್ತು. ಬೆಂಕಿ ಬಿದ್ದಾಗ ಎಲ್ಲರೂ ಬಾಗಿಲಿಗೇ ನುಗ್ಗಿದ್ರು. ಅದು ಒಳಕ್ಕೆ ತೆರೆಯೋ ಬಾಗಿಲು. ಅಷ್ಟು ಜನ ಒತ್ತಿ ನಿಂತಿದ್ರೆ ಎಳೆಯೋದು ಹೇಗೆ? ಅಕ್ಕನ ಲೈಸೆನ್ಸ್ ಅಸಲಿ ಮೇಡಂ. ನೋಡೋಕೆ ಮಾತ್ರ ಯಾರೂ ಬಂದಿರಲಿಲ್ಲ."

ಅವನ ಹೇಳಿಕೆಯ ಕೊನೆಯ ಸಾಲನ್ನು ಇನ್‌ಸ್ಪೆಕ್ಟರ್ ತಾವೇ ಬರೆದರು. ಹಳೆಯ ಬೆಂಕಿ ಪ್ರಕರಣದ ಕಡತ ತರಿಸಿ, ಮರುತನಿಖೆಗೆ ಅನುಮತಿ ಕೋರಿ ಪತ್ರ ಕಳಿಸಿದರು.

ಸೋಮವಾರ ಅವರು ಪರವಾನಗಿ ಕಚೇರಿಯಲ್ಲಿ ಅಧಿಕಾರಿಯ ಎದುರು ಕುರ್ಚಿ ಎಳೆದುಕೊಂಡು ಕೂತರು. ಆತ ಏಳುವವರೆಗೂ ತಾವು ಏಳಲಿಲ್ಲ. ಬೇಕರಿಗೆ ಬಂದ ಅಧಿಕಾರಿ ಸಿಲಿಂಡರ್ ನೋಡಿದ, ಮರಳು ನೋಡಿದ, ಬಾಗಿಲು ತಳ್ಳಿ ನೋಡಿದ. ತಪ್ಪು ಹುಡುಕಲು ಏನೂ ಸಿಗಲಿಲ್ಲ. ಅದೇ ಚೌಕಟ್ಟಿನೊಳಗೆ ಅಸಲಿ ಪರವಾನಗಿ ಬಂದು ಕೂತಿತು; ಸಂಜೆಯ ಹೊತ್ತಿಗೆ ಒಲೆ ಹೊತ್ತಿತು.

ಮೊದಲ ಬ್ರೆಡ್ಡನ್ನು ಅತ್ತೆ ಕಾಗದದಲ್ಲಿ ಸುತ್ತಿ ಇನ್‌ಸ್ಪೆಕ್ಟರ್ ಕೈಗಿಟ್ಟರು. "ಇದು ಅವನಿಗೆ. ನಮ್ಮ ಹೊಟ್ಟೆ ಉರಿಸಿದ, ನಿಜ. ಆದ್ರೆ ನನ್ನ ಸೊಸೆ ಜೀವಕ್ಕೆ ಕಾವಲು ಕೂತವನೂ ಅವನೇ. ಕೋರ್ಟಲ್ಲಿ ಕೇಳಿದ್ರೆ ಎರಡನ್ನೂ ಹೇಳ್ತೀನಿ."

ಠಾಣೆಗೆ ಮರಳಿದ ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತರು. ಒಂದು ಕೈಯಲ್ಲಿ ಬಿಸಿ ಬ್ರೆಡ್ಡು, ಇನ್ನೊಂದು ಕೈ ಹಿಡಿಯ ಮೇಲೆ.

"ಗಡಿಯಾರ, ನಮ್ಮ ಬಾಗಿಲು ಯಾವ ಕಡೆ ತೆರೆಯುತ್ತೆ?"

"ಒಳಕ್ಕೆ ಮೇಡಂ."

"ಆ ಬಡಗಿಗೆ ಫೋನ್ ಮಾಡು."