ಹೊಸ್ತಿಲ ಸುಣ್ಣ ತುಳಿಯದ ಕ್ಯಾಮೆರಾ

ಕ್ಯಾಮೆರಾ ಅಂಗೈಯಗಲವಿತ್ತು. ರೇಷ್ಮೆ ವಿಜ್ಞಾನಿ ಡಾ. ಇಂಚರ ಅದನ್ನು ರೇಷ್ಮೆಹುಳುವಿನ ಬೆನ್ನಿಗೆ ಅರ್ಧ ಬೆರಳಿನಷ್ಟು ಹತ್ತಿರ ಹಿಡಿದು, ಹತ್ತಿರದ ಚಿತ್ರಕ್ಕೆಂದು ಹೂವಿನ ಗುರುತಿದ್ದ ಗುಂಡಿ ಒತ್ತಿದಳು. ಕ್ಷಣದಲ್ಲಿ ನಲವತ್ತು ಚಿತ್ರಗಳು ಬಂದವು. ಒಂದೊಂದರಲ್ಲಿ ಒಂದೊಂದು ಆಳ ಸ್ಪಷ್ಟ; ಎಲ್ಲವನ್ನೂ ಪದರ ಪದರವಾಗಿ ಹೊಂದಿಸಿದರೆ ಚರ್ಮದಡಿಯ ರೋಗಾಣುವೂ ಕಾಣುತ್ತಿತ್ತು. ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಮೂಡಿತು.

"ಹುಳ ಚೆನ್ನಾಗಿವೆ ಅಜ್ಜಿ."

ಗಂಗನರಸಮ್ಮನಿಗೆ ಹೋದ ಜೀವ ಬಂದಂತಾಯಿತು. ಅದು 2058ನೇ ಇಸವಿ. ಮಾಗಡಿ ಸೀಮೆಯ ಹಳದಿ ಗೂಡಿನ ನಾಡತಳಿ ಉಳಿದಿದ್ದದ್ದು ಹುಲ್ಲೇಕಟ್ಟೆಯ ನಾಲ್ಕು ಮನೆಗಳಲ್ಲಿ ಮಾತ್ರ. ಹುಳುಗಳಿಗೆ ಬರುವ ಗಂಟುರೋಗ ತಾಯಿಚಿಟ್ಟೆಯಿಂದ ಮೊಟ್ಟೆಗೂ ಇಳಿಯುತ್ತದೆ. ಒಮ್ಮೆ ಬಿದ್ದರೆ ತಳಿಯೇ ಮುಗಿದಂತೆ. ಮೊದಲೆಲ್ಲ ಚಿಟ್ಟೆಯನ್ನು ಅರೆದು ನೋಡಿದ ಮೇಲೆಯೇ ಅದು ಗೊತ್ತಾಗುತ್ತಿತ್ತು. ಇಂಚರಳ ಕ್ಯಾಮೆರಾ ಜೀವಂತ ಹುಳುವಿನಲ್ಲೇ ಹೇಳಿಬಿಡುತ್ತಿತ್ತು.

ಗಂಗನರಸಮ್ಮನ ಹುಳಮನೆಯೊಳಗೆ ಹೋಗುವುದು ಸುಲಭವಿರಲಿಲ್ಲ. ಹೊರಗಿನ ರೋಗ ಒಳಗೆ ಬರದಂತೆ ಹೊಸ್ತಿಲಲ್ಲಿ ಹರಡಿದ ಸುಣ್ಣ ತುಳಿಯಬೇಕು, ಕೈ ತೊಳೆಯಬೇಕು, ಚಪ್ಪಲಿ ಹೊರಗೇ ಬಿಡಬೇಕು. ಮಂತ್ರಿಯೊಬ್ಬರನ್ನು ಬಿಸಿಲಲ್ಲೇ ನಿಲ್ಲಿಸಿದ ಗಟ್ಟಿಗಿತ್ತಿ ಅವಳು. ಆದರೆ ಕ್ಯಾಮೆರಾವನ್ನು ಮಾತ್ರ ಕಣ್ಣಿಗೊತ್ತಿಕೊಂಡು ಒಳಗೆ ಬಿಟ್ಟಿದ್ದಳು.

"ಅದುಕ್ಯಾಕವ್ವ ಸುಣ್ಣ? ಅದು ನೋಡ್ತದೆ ಅಷ್ಟೇಯ. ಮುಟ್ಟಾಕಿಲ್ವಲ್ಲ."

ಇಂಚರ ನಕ್ಕು ತಲೆಯಾಡಿಸಿದ್ದಳು. ಅಷ್ಟು ಓದಿದವಳಿಗೂ ಆ ಮಾತು ಸರಿಯೆನಿಸಿತ್ತು.

ಮುಂದಿನ ಬೆಳೆಯಲ್ಲಿ ಹುಳುಗಳು ಮೂರನೇ ಸಲ ಪೊರೆ ಬಿಟ್ಟವು, ಆದರೆ ಸೊಪ್ಪು ಮುಟ್ಟಲಿಲ್ಲ. ಚುಕ್ಕೆ ಕೆಂಪಾಯಿತು. ನಾಲ್ಕೂ ಮನೆಗಳಲ್ಲಿ ಕೆಂಪು.

ಎಲ್ಲಿಂದ ಬಂತು? ಇಂಚರ ಹಿಂದಿನ ಬೆಳೆಯ ಚಿತ್ರಗಳನ್ನು ವೇಳೆಯ ಪ್ರಕಾರ ಜೋಡಿಸಿದಳು. ಹಸಿರು ಚುಕ್ಕೆ ಮೂಡಿದ್ದ ಆ ದಿನ ಹುಲ್ಲೇಕಟ್ಟೆಗೆ ಬರುವ ಮುಂಚೆ ಪಕ್ಕದ ತಾಲ್ಲೂಕಿನಲ್ಲಿ ರೋಗ ಬಿದ್ದ ಮನೆಯೊಂದಕ್ಕೆ ಹೋಗಿದ್ದಳು. ಇಲ್ಲಿ ಅವಳು ಮೊದಲು ಕಾಲಿಟ್ಟ ಮನೆಯಲ್ಲಿ ರೋಗ ಹೆಚ್ಚು, ಎರಡನೆಯದರಲ್ಲಿ ಸ್ವಲ್ಪ ಕಡಿಮೆ, ಕೊನೆಗೆ ಹೋದ ಗಂಗನರಸಮ್ಮನ ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ. ಇನ್ನೊಂದು ಕ್ಯಾಮೆರಾ ಹಿಡಿದು ತನ್ನ ಕ್ಯಾಮೆರಾದ್ದೇ ಚಿತ್ರ ತೆಗೆದಳು. ಗಾಜಿನ ಸುತ್ತಲಿನ ಸಂದಿಯಲ್ಲಿ, ಸೊಪ್ಪಿಗೆ ತಾಗಿ ಅಂಟಿಕೊಂಡ ದೂಳಿನೊಳಗೆ, ರೋಗಾಣುಗಳು ಅಕ್ಕಿಕಾಳಿನಂತೆ ಕೂತಿದ್ದವು.

"ಯಾರು ತಂದ್ರವ್ವ ಇದ್ನ?" ಎಂದು ಕೇಳಿದಳು ಗಂಗನರಸಮ್ಮ.

"ನಾನೇ ಅಜ್ಜಿ. ಕ್ಯಾಮೆರಾದಲ್ಲಿ."

ನಾಲ್ಕೂ ಮನೆಗಳ ಹುಳುತಟ್ಟೆಗಳನ್ನೆಲ್ಲ ಸುಡಲು ಹೊರಗೆ ಸಾಗಿಸಿದ ಮೇಲೆ, ಮುದುಕಿ ಒಂದೇ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು.

"ತಗಿಯವ್ವ ಫೋಟೋವ. ಎಷ್ಟು ಹತ್ರ ಬೇಕಾದ್ರೂ ಹಿಡ್ಕೊ. ಇನ್ನೇನೈತೆ ಅಂಟ್ಕಳಾಕೆ?"

ಆ ಚಿತ್ರ ಮುಂದೆ ಸಂಗ್ರಹಾಲಯವೊಂದರ ಗೋಡೆ ಸೇರಿತು. ಹುಳುವಿನ ಪುಟ್ಟ ಕಾಲುಗಳೂ ಅದರಡಿಯ ಮುದುಕಿಯ ಕೈಗೆರೆಗಳೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಆ ತಳಿಯಲ್ಲಿ ಉಳಿದದ್ದು ಅಷ್ಟೇ. ಬಂದವರು ಇನ್ನಷ್ಟು ಹತ್ತಿರ ಹೋಗಿ, ತಮ್ಮ ಫೋನಿನಲ್ಲಿ ಅದರದೊಂದು ಚಿತ್ರ ತೆಗೆದುಕೊಳ್ಳುತ್ತಿದ್ದರು. ಇವತ್ತು ನಾವು ಹೂವಿನ ಮೇಲೆ ಕೂತ ಜೇನಿಗೆ ಫೋನು ಹಿಡಿಯುತ್ತೇವಲ್ಲ, ಹಾಗೆಯೇ. ನಿನ್ನೆ ಅದೇ ಫೋನು ಯಾವ ಹೂವಿಗೆ ತಾಗಿತ್ತೆಂದು ನಮಗೆ ನೆನಪಿರುವುದಿಲ್ಲ.