ಬಾಯಿ ಕಟ್ಟಿದ ಸೈರನ್

ಕಬ್ಬಿಣದ ಸರಳು ನನ್ನ ಕುತ್ತಿಗೆಗೆ ಒತ್ತಿತ್ತು.

ಬೆನ್ನಿಗೆ ಗೋಡೆ. ಮುಂಬೈ ಪಕ್ಕದ ಡೊಂಬಿವಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಹಿಂದಿನ ಗಲ್ಲಿ. ಓಡಲು ಜಾಗವಿಲ್ಲ...

ಸರಳು ಹಿಡಿದವನು ಹುಲಗಪ್ಪ. ರಾಯಚೂರಿನ ಕಡೆಯವನು, ಕೆಮಿಕಲ್ ಫ್ಯಾಕ್ಟರಿಯ ಆಪರೇಟರ್. ಹೋದ ತಿಂಗಳು ಅಲ್ಲಿ ಗ್ಯಾಸ್ ಸೋರಿತ್ತು. ಸೈರನ್ ಕೂಗಲಿಲ್ಲ. ಅವನ ಗೆಳೆಯ ಜೈಭೀಮ ಒಳಗೇ ಸತ್ತ. ಸೈರನ್ನಿನ ವೈರ್ ಕಿತ್ತವನು ಹುಲಗಪ್ಪನೇ ಎಂಬ ಅನುಮಾನದ ಮೇಲೆ ಅವನನ್ನು ಕೆಲಸದಿಂದ ಕಿತ್ತುಹಾಕಿದರು. ಆಮೇಲೆ ಸಾಕ್ಷಿ ಹುಡುಕಲು ಮ್ಯಾನೇಜರ್ ಮುರಾರಿ ಖಾಸಗಿ ಪತ್ತೇದಾರನಾದ ನನ್ನನ್ನು ಕರೆಸಿದ.

ಡಿಸ್ಮಿಸ್ ಮೊದಲು, ತನಿಖೆ ಆಮೇಲೆ! ಅದರಲ್ಲೇ ನನ್ನ ಹೊಟ್ಟೆಪಾಡು.

"ಊರ ಮಂದೀನೆಲ್ಲ ಕೇಳ್ಕೋತ ಅಡ್ಡಾಡಾಕತ್ತೀರಿ. ನನ್ನ ಯಾಕ ಕೇಳವಲ್ರಿ?"

"ಕೇಳ್ತೀನಿ. ಸರಳು ಇಳಿಸು."

ಇಳಿಸಿದ.

ನೌಕರಿ ಹೋದರೆ ಹೋಗಲಿ ಎಂದ. ಜೈಭೀಮನ ಹೆಂಡತಿ ಮಲ್ಲಿಕಾ ಇರುವುದು ಪಕ್ಕದ ಖೋಲಿಯಲ್ಲಿ. ಇವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾಳಂತೆ. ಗೋಡೆಯಾಚೆ ಅವಳ ಅಳು ಕೇಳುತ್ತದಂತೆ. ಕಣ್ಣು ಮುಚ್ಚಿದರೆ ಸಾಕು, ಜೈಭೀಮ ಒಳಗಿನಿಂದ 'ಹುಲಗ್ಯಾ' ಎಂದು ಕೂಗುತ್ತಾನಂತೆ... ಅವತ್ತು ಬಾಗಿಲು ಒಡೆಯುವವರೆಗೂ ಕೂಗಿದ್ದ.

"ವೈರ್ ಕೀಳಿಸಿದಾಂವ ಸೂಪರ್‌ವೈಜರ್ ವಸಂತ್ ರೀ. ಎಲೆಕ್ಟ್ರಿಶಿಯನ್ ಚೆನ್ನಯಗ ಗೊತ್ತೈತಿ."

ಚೆನ್ನಯ ಉಡುಪಿಯವನು. ಕಲ್ಯಾಣ್ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕ.

"ನಾನೇ ಕಿತ್ತದ್ದು ಮಾರಾಯ್ರೆ," ಎಂದ. "ಸುಮ್ಮನೆ ಕೂಗ್ತದೆ, ತೆಗಿ ಅಂದ್ರು ವಸಂತ್. ವಾಪಸ್ ಹಾಕ್ಲಿಕ್ಕೆ ಬಿಡ್ಲೇ ಇಲ್ಲ."

ಅಷ್ಟರಲ್ಲಿ ಅವನ ಮುಖ ಬಿಳಿಚಿತು. ಮೆಟ್ಟಿಲೇರಿ ವಸಂತ್ ಬರುತ್ತಿದ್ದ, ಜೊತೆಗೆ ದಾಂಡಿಗರು. ಚೆನ್ನಯನನ್ನು ಎಳೆದುಕೊಂಡು ಓಡಿದೆ. ಕೆಳಗೆ ಹೊರಟಿದ್ದ ಲೋಕಲ್ ರೈಲು... ಹಾರಿದೆವು. ನನ್ನ ಅಂಗಿಯ ತೋಳು ವಸಂತನ ಕೈಯಲ್ಲೇ ಉಳಿಯಿತು.

ನೇರ ವಾಶಿಯ ಹೆಡ್ ಆಫೀಸ್. ಮುರಾರಿ ಎಲ್ಲವನ್ನೂ ಕೇಳಿಸಿಕೊಂಡ. ವಸಂತನನ್ನು ಫೋನಿನಲ್ಲೇ ವಜಾ ಮಾಡಿದ. ಹುಲಗಪ್ಪನನ್ನು ವಾಪಸ್ ಸೇರಿಸಿಕೊಳ್ಳುತ್ತೇವೆ ಎಂದ.

"ಮಲ್ಲಿಕಾಗೆ ಮಾತ್ರ ಇದು ಗೊತ್ತಾಗಬಾರದು. ಪರಿಹಾರ ಕೇಳಿ ಕೋರ್ಟಿಗೆ ಹೋಗ್ತಾಳೆ."

ಸೀದಾ ಮಲ್ಲಿಕಾಳ ಮನೆಗೆ ಹೋದೆ. ಎಲ್ಲ ಹೇಳಿದೆ.

ಅವಳು ಎದ್ದು ಹೋಗಿ ಪಕ್ಕದ ಬಾಗಿಲು ತಟ್ಟಿದಳು. ಹುಲಗಪ್ಪ ತಲೆತಗ್ಗಿಸಿ ನಿಂತ.

"ಅಣ್ಣಾ, ಒಳಗ ಅವರು ಕೂಗಿದ್ರೇನು?"

"ಇಲ್ಲವ್ವಾ." ಅವನು ನನ್ನತ್ತ ನೋಡಲಿಲ್ಲ. "ಲಗೂನ ಹ್ವಾದ. ಏನೂ ತಿಳೀಲಿಲ್ಲ ಅವಂಗ."

ನಾನು ಚಪ್ಪಲಿ ಮೆಟ್ಟಿ ಹೊರಟೆ.

ಮರುದಿನ ಮುರಾರಿ ನನ್ನನ್ನೂ ಕಿತ್ತುಹಾಕಿದ. ಕಾರಣ ಕೇಳಿದೆ.

ಗುಟ್ಟು ಹೊರಗೆ ಬಿಟ್ಟವನು ನಾನೇ ಎಂಬ ಅನುಮಾನವಂತೆ... ಮೊದಲ ಸಲ ಅವನ ಅನುಮಾನ ನಿಜವಾಗಿತ್ತು.